ಸೋಮವಾರದ ಗುಳಿಗೆಗಳು

ಹಂದಿಯ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವುದು ಭಾರಿ ಕಷ್ಟದ ಕೆಲಸ ಎಂದು ಜನ ತಿಳಿದಿರುತ್ತಾರೆ. ಅದು ಒಂದು ತಾಸಿನ ಕೆಲಸ. ಅದೇ ಹಂದಿಗೆ ದಿನಾ ಎರಡು ಗುಳಿಗೆಯನ್ನು ನಾಲ್ಕು ವಾರ ತಪ್ಪದೆ ನುಂಗಿಸಿ ನೋಡಿ, ಆಗ ಕಷ್ಟ ಅಂದರೇನು ಎಂದು ಗೊತ್ತಾಗುತ್ತದೆ. ನಾಯಿ ಮೋಸ ಹೋಗುತ್ತದೆ. ಆಕಳ ಬಾಯಿ ಅಗಲಿಸಿ ಗಂಟಲಿಗೆ ದೂಡಬಹುದು. ಹಂದಿ ಮಾತ್ರ ಬೆಲ್ಲವನ್ನೆಲ್ಲ ತಿಂದು, ಗುಳಿಗೆಯನ್ನು ತುಟಿಯ ಅಂಚಿನಿಂದ ಹೊರಗೆ ಬಿಟ್ಟು, ಇನ್ನೇನಿದೆ ಎಂಬ ಹಾಗೆ ನಮ್ಮ ಮುಖ ನೋಡುತ್ತದೆ. ಮೊದಲ ದಿನವೇ ನನ್ನ ಎಂಟು ವರ್ಷದ ಪಶುವೈದ್ಯಕೀಯ ಅನುಭವವನ್ನು ಎಂಟು ಹಂದಿಗಳು ಸೇರಿ ಮೂಲೆಗೆ ಎಸೆದಿದ್ದವು.

ನಮ್ಮ ಕೇಂದ್ರ ಇರುವುದು ಇಂಡಿ ತಾಲ್ಲೂಕಿನಲ್ಲಿ, ಝಳಕಿಯ ಹತ್ತಿರ ಹೆದ್ದಾರಿ ಬಿಟ್ಟು ತುಸು ಒಳಗೆ. ಮನುಷ್ಯರಿಗೆ ಹಾಕುವ ಮೊದಲು ಪ್ರಾಣಿಗಳಲ್ಲಿ ನೋಡಲೇಬೇಕಾದ ಉಪಕರಣಗಳನ್ನು ಅಲ್ಲಿ ಪರೀಕ್ಷಿಸುತ್ತೇವೆ. ಆ ಸಲ ಬಂದದ್ದು ಸ್ಟೆಂಟ್. ಕಟ್ಟಿಕೊಂಡ ರಕ್ತನಾಳವನ್ನು ಒಳಗಿನಿಂದ ತೆರೆದು ಹಿಡಿಯುವ, ಲೋಹದ ಜಾಲರಿಯ ಪುಟ್ಟ ಕೊಳವೆ ಅದು. ಬರೀ ಲೋಹದ ಸ್ಟೆಂಟ್ ಹಾಕಿದರೆ ನಾಳದ ಗೋಡೆ ಅದನ್ನು ಗಾಯವೆಂದು ತಿಳಿದು ಮೇಲೆ ಮಾಂಸ ಬೆಳೆಸುತ್ತದೆ, ದಾರಿ ಮತ್ತೆ ಕಿರಿದಾಗುತ್ತದೆ. ಅದಕ್ಕೇ ಅದರ ಮೇಲೆ ಔಷಧ ಲೇಪಿಸಿ ಆ ಬೆಳವಣಿಗೆಯನ್ನು ತಡೆಯುತ್ತಾರೆ. ಆದರೆ ಔಷಧ ಬೆಳವಣಿಗೆಯನ್ನು ತಡೆಯುವ ಭರದಲ್ಲಿ ಗಾಯ ಮಾಯುವುದನ್ನೂ ತಡ ಮಾಡುತ್ತದೆ. ಗಾಯ ಮಾಯದೆ ತೆರೆದೇ ಉಳಿದ ತಂತಿಗೆ ರಕ್ತ ತಾಗಿ ಹೆಪ್ಪುಗಟ್ಟಿದರೆ ಹೃದಯ ನಿಲ್ಲುತ್ತದೆ. ಹಾಗಾಗದಂತೆ ದಿನಾ ಎರಡು ಗುಳಿಗೆ: ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್.

ಎಂಟು ಹಂದಿಗಳು. ಪ್ರತಿಯೊಂದರ ಹೃದಯದಲ್ಲೂ ಎರಡು ಸ್ಟೆಂಟ್, ಬೇರೆ ಬೇರೆ ನಾಳದಲ್ಲಿ. ಒಂದು ಲೇಪದ್ದು, ಒಂದು ಬರೀ ಲೋಹದ್ದು. ಕಣ್ಣಿಗೆ ಎರಡೂ ಒಂದೇ, ಡಬ್ಬಿಯ ಮೇಲೆ ‘ಎ’ ಅಥವಾ ‘ಬಿ’ ಎಂದಷ್ಟೇ ಇರುತ್ತಿತ್ತು. ಯಾವುದು ಯಾವುದೆಂಬ ಗುಟ್ಟು ಅಂಟಿಸಿದ ಲಕೋಟೆಯೊಳಗೆ, ನಮ್ಮ ಪ್ರಾಣಿ ನೀತಿ ಸಮಿತಿಯ ಅಧ್ಯಕ್ಷರ ಕಪಾಟಿನಲ್ಲಿತ್ತು. ಸಮಿತಿಯ ಷರತ್ತು ಸ್ಪಷ್ಟವಾಗಿತ್ತು. ಕನಿಷ್ಠ ಏಳು ಹಂದಿ ನಾಲ್ಕು ವಾರ ಪೂರೈಸಬೇಕು. ಆರಕ್ಕಿಳಿದರೆ, ಅಥವಾ ದಾಖಲೆ ನಂಬುವಂತಿಲ್ಲದಿದ್ದರೆ, ಇಡೀ ಪರೀಕ್ಷೆ ರದ್ದು, ಹೊಸದಾಗಿ ಮತ್ತೆಂಟು.

ಇಲ್ಲಿ ಮುಚ್ಚಿಡದೆ ಒಂದು ಮಾತು ಹೇಳಿಬಿಡುತ್ತೇನೆ. ನಾಲ್ಕು ವಾರದ ಕೊನೆಗೆ ಆ ಹಂದಿಗಳು ಉಳಿಯುವುದಿಲ್ಲ. ಅರಿವಳಿಕೆಯಲ್ಲೇ ಅವುಗಳನ್ನು ಮಲಗಿಸಿ, ಹೃದಯ ತೆಗೆದು, ಸ್ಟೆಂಟ್ ಇರುವ ನಾಳವನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದಕ್ಕೆ ಒಪ್ಪಿಯೇ ನಾನು ಸಹಿ ಹಾಕಿದ್ದೆ. ಎಂಟಕ್ಕೆ ಒಪ್ಪಿದ್ದೆ, ಹದಿನಾರಕ್ಕೆ ಒಪ್ಪಿರಲಿಲ್ಲ.

ಗುಳಿಗೆಯ ತಾಪತ್ರಯ ಬಗೆಹರಿಸಿದವರು ಕಾಕಾ. ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯವರು, ಅರವತ್ತು ದಾಟಿದ ಮನುಷ್ಯ. ಜೀವಮಾನವಿಡೀ ಎತ್ತು ಕಟ್ಟಿದವರು. ಹೊಲ ಮಗನ ಕೈಗೆ ಕೊಟ್ಟ ಮೇಲೆ ಸುಮ್ಮನೆ ಕೂರಲಾಗದೆ ನಮ್ಮಲ್ಲಿ ಪ್ರಾಣಿ ನೋಡಿಕೊಳ್ಳಲು ಬಂದಿದ್ದರು. ಕೇಂದ್ರದಲ್ಲೇ ಒಂದು ಖೋಲಿ ಕೊಟ್ಟಿದ್ದೆವು.

“ಎತ್ತು ಸಾಕಿದ ಕೈಲೆ ಹಂದಿ ನೋಡ್ಕೋತೀರೇನ್ರಿ ಕಾಕಾ?” ಎಂದು ಮೊದಲ ದಿನ ಕೇಳಿದ್ದೆ.

“ಅದಕ್ಕೂ ಹೊಟ್ಟಿ ಐತಿ, ಅದಕ್ಕೂ ಬ್ಯಾನಿ ಆಗ್ತೈತಿ. ಮತ್ತೇನ ಬೇಕ್ರಿ ಅಕ್ಕಾರ?” ಅಂದಿದ್ದರು.

ಅವರು ಕಡಕ್ ರೊಟ್ಟಿಯನ್ನು ಪುಡಿ ಮಾಡಿ, ಬೆಲ್ಲದ ನೀರಿನಲ್ಲಿ ಕಲಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದರು. ಒಂದೊಂದಕ್ಕೆ ಮೂರು ಉಂಡೆ. ಮೊದಲನೆಯದು ಖಾಲಿ. ಎರಡನೆಯದರೊಳಗೆ ಗುಳಿಗೆ. ಎರಡನೆಯದು ಬಾಯಲ್ಲಿರುವಾಗಲೇ ಮೂರನೆಯದನ್ನು ಮೂಗಿನ ಮುಂದೆ ಹಿಡಿದರು. ಅದು ಕೈತಪ್ಪಿ ಹೋದೀತೆಂಬ ಗಡಿಬಿಡಿಯಲ್ಲಿ ಹಂದಿ ಎರಡನೆಯದನ್ನು ಅಗಿಯದೆ ನುಂಗಿತು. ಎಂಟಕ್ಕೆ ಎಂಟೂ ನುಂಗಿದವು. ನಾನು ಬಾಯಿ ತೆರೆದು ನೋಡುತ್ತ ನಿಂತಿದ್ದೆ. ಉಳಿದ ಬೆಲ್ಲದಲ್ಲಿ ಕಾಕಾ ಚಾ ಮಾಡಿಕೊಂಡು ನನಗೂ ಒಂದು ಕಪ್ಪು ಕೊಟ್ಟರು. ಅವರ ಚಾ ಅಂದರೆ ಚಾ ಕಡಿಮೆ, ಬೆಲ್ಲ ಜಾಸ್ತಿ.

ಗುಳಿಗೆ ಲೆಕ್ಕಕ್ಕೆ ನಾನೊಂದು ಹಾಳೆ ಮಾಡಿ ಗೋಡೆಗೆ ಅಂಟಿಸಿದೆ. ಹಂದಿಯ ಸಂಖ್ಯೆ, ದಿನ, ಮತ್ತು ಒಂದೇ ಪ್ರಶ್ನೆ: “ಉಂಡೆ ತಿಂದಿತೇ?” ತಿಂದರೆ ಗುರುತು ಹಾಕುವುದು. ಇಷ್ಟು ಸುಲಭದ ಹಾಳೆ ಮಾಡಿದ್ದಕ್ಕೆ ನನಗೆ ಒಳಗೊಳಗೇ ಹೆಮ್ಮೆ.

ಕಾಕಾನೊಂದಿಗೆ ನನ್ನದು ಒಂದೇ ತಕರಾರಿತ್ತು, ಹಿಟ್ಟಿನದು. ಎಲ್ಲ ಹಂದಿಗೂ ಒಂದೇ ಅಳತೆಯ ಆಹಾರ ಹೋಗಲಿ ಎಂದು ನಾನು ಝಳಕಿಯ ಗಿರಣಿಯಲ್ಲಿ ಜೋಳ, ಹಿಂಡಿ ಎಲ್ಲ ಸೇರಿಸಿ ನುಣ್ಣಗೆ ಬೀಸಿಸುತ್ತಿದ್ದೆ.

“ಇದೇನ ಕೂಸಿನ ಗಂಜಿ ಹಿಟ್ಟೇನ್ರಿ?” ಕಾಕಾ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. “ಇಷ್ಟು ನುಣ್ಣಗ ಬೀಸಿದ್ರ ಹೊಟ್ಟಿ ಏನ ಕೆಲಸಾ ಮಾಡಬೇಕ್ರಿ? ನುಚ್ಚು ಒಡಸ್ರಿ.”

“ಹಿಟ್ಟಿನ ಚಿಂತಿ ನನಗ ಬಿಡ್ರಿ ಕಾಕಾ,” ಎಂದು ನಾನು ಪ್ರತಿ ಸಲ ಬಾಯಿ ಮುಚ್ಚಿಸುತ್ತಿದ್ದೆ.

ಭಾನುವಾರ ಗುಳಿಗೆ ಶುರುವಾಯಿತು. ಬುಧವಾರ ನಾಲ್ಕು, ಗುರುವಾರ ನಾಲ್ಕು ಹಂದಿಗೆ ಸ್ಟೆಂಟ್ ಹಾಕುವುದೆಂದು ಗೊತ್ತಾಗಿತ್ತು. ಹಾಕುವವರು ಮುದ್ದೇಬಿಹಾಳದ ಸಾಹೇಬರು, ಹೃದಯದ ವೈದ್ಯರು. ಎರಡೂ ದಿನ ಬೆಳಕು ಹರಿಯುವಷ್ಟರಲ್ಲಿ ಕಾರು ತಂದು ನಿಲ್ಲಿಸಿದರು. ಅವರಿಗೆ ಈ ಪರೀಕ್ಷೆಯಲ್ಲಿ ಇಷ್ಟು ಆಸ್ಥೆ ಯಾಕೆ ಎಂದು ಕೇಳಿದ್ದಕ್ಕೆ ಕೈಗವಸು ಏರಿಸುತ್ತ ಹೇಳಿದರು: “ನಮ್ಮ ಅಬ್ಬಾಗ ಹಾಕಿದ್ದು ಬರೀ ಲೋಹದ್ದು ನೋಡ್ರಿ. ಆರು ತಿಂಗಳಿಗೆ ಮತ್ತ ಮುಚ್ಕೊಂತು.”

ನಾನು ಅರಿವಳಿಕೆ ಕೊಟ್ಟು, ಉಸಿರಿನ ಕೊಳವೆ ಹಾಕಿ, ಕಿವಿಯ ನಾಳಕ್ಕೆ ಸೂಜಿ ಚುಚ್ಚಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಬಿಡುತ್ತಿದ್ದೆ. ಸಾಹೇಬರು ತೊಡೆಯ ಧಮನಿಯಿಂದ ತೆಳ್ಳನೆಯ ಕೊಳವೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತ ಹೃದಯದ ತನಕ ಒಯ್ದು, ಬಲೂನು ಉಬ್ಬಿಸಿ ಸ್ಟೆಂಟನ್ನು ನಾಳದ ಗೋಡೆಗೆ ಕೂರಿಸುತ್ತಿದ್ದರು. ನಾಳದ ಅಳತೆಗಿಂತ ಕೊಂಚ ಹೆಚ್ಚೇ ಉಬ್ಬಿಸಬೇಕು. ಗೋಡೆಗೆ ಗಾಯವಾದರೆ ತಾನೆ ಮಾಂಸ ಬೆಳೆಯುವುದು, ಔಷಧದ ಕಸುವು ತಿಳಿಯುವುದು? ಹಂದಿಯ ಹೃದಯ ಬಹಳ ಸೂಕ್ಷ್ಮ, ಮುಟ್ಟಿದರೆ ಮುನಿಯುತ್ತದೆ. ಗುರುವಾರ ಆರನೆಯದರ ಬಡಿತ ಬಲೂನು ಉಬ್ಬಿಸುವಾಗಲೇ ಹಳಿ ತಪ್ಪಿ ಬರೀ ನಡುಕವಾಯಿತು. ಎರಡು ಸಲ ವಿದ್ಯುತ್ ಶಾಕ್ ಕೊಟ್ಟೆವು. ಎರಡನೆಯದಕ್ಕೆ ಮರಳಿ ಹದಕ್ಕೆ ಬಂತು. ಸಾಹೇಬರು ಮುಖವಾಡದೊಳಗಿಂದಲೇ “ಯಾ ಅಲ್ಲಾ” ಅಂದರು, ನಾನು ಗೋಡೆಗೆ ಒರಗಿಕೊಂಡೆ. ಗುರುವಾರ ಮಧ್ಯಾಹ್ನ ಎಂಟೂ ಎದ್ದು ನಿಂತಿದ್ದವು. ಇನ್ನು ಉಳಿದದ್ದು ಗುಳಿಗೆ ಅಷ್ಟೇ ಎಂದುಕೊಂಡು ಆ ದಿನ ನಾನು ಹೊಟ್ಟೆ ತುಂಬ ಉಂಡೆ.

ಹತ್ತು ದಿನ ಏನೂ ಆಗಲಿಲ್ಲ. ಭಾನುವಾರ ಕಾಕಾ ಬಂದು ಹೇಳಿದರು: “ಐದನೇದರ ಹೇಲು ಕರ್ರಗ ಆಗೇತ್ರಿ ಅಕ್ಕಾರ.”

ನಾನು ಏನೋ ಬರೆಯುತ್ತಿದ್ದೆ. ತಲೆ ಎತ್ತದೆ, “ಹೊಸಾ ಖನಿಜದ ಪುಡಿ ಹಾಕಾಕತ್ತೇವಲ್ರಿ, ಅದರಾಗ ಕಬ್ಬಿಣ ಐತಿ. ಕಪ್ಪಾಗ್ತೈತಿ,” ಅಂದೆ. ಕಾಕಾ ಹೊರಟುಹೋದರು.

ಮಂಗಳವಾರ ಬೆಳಿಗ್ಗೆ ನಾನು ಗೇಟು ದಾಟುವ ಮೊದಲೇ ಕಾಕಾ ಎದುರು ಬಂದರು. ಐದನೆಯದು ಸತ್ತಿತ್ತು. ಒಂದು ಮಗ್ಗುಲಾಗಿ ಮಲಗಿತ್ತು, ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ನನಗೆ ಮೊದಲು ಹೊಳೆದದ್ದೇ ಹೆಪ್ಪು. ಸ್ಟೆಂಟ್ ಹಾಕಿ ಎರಡು ವಾರವಾಗಿಲ್ಲ, ಹಠಾತ್ ಸಾವು, ಮತ್ತಿನ್ನೇನು? ಉಳಿದದ್ದು ಏಳು. ಷರತ್ತಿನ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದೆವು.

“ಇದು ನನ್ನಿಂದ ಆತ್ರಿ,” ಅಂದರು ಕಾಕಾ.

ಏನೆಂದು ಕೇಳುವ ಮೊದಲೇ ಖೋಲಿಗೆ ಹೋಗಿ ಒಂದು ತಗಡಿನ ಡಬ್ಬಿ ತಂದು ನನ್ನ ಕೈಯಲ್ಲಿಟ್ಟರು. ಮುಚ್ಚಳ ತೆಗೆದರೆ ಗುಳಿಗೆಗಳು. ಎಣಿಸಿದೆ, ನಲವತ್ತೆಂಟು. ಎಂಟು ಹಂದಿ, ದಿನಕ್ಕೆರಡು, ಮೂರು ದಿನದ ಗುಳಿಗೆ.

“ಸೋಮವಾರದ್ವು ರೀ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗ ಇಡಾಂಗಿಲ್ಲ. ಬಸವಣ್ಣನ ವಾರ. ವಾರದಾಗ ಒಂದ ದಿನ ಆ ಜೀವಕ್ಕ ಬಿಡುವು. ಇವು ಆರು ದಿನ ನಿಮ್ಮ ಸೂಜಿ, ನಿಮ್ಮ ಗುಳಿಗಿ ತಿಂದು ದುಡೀತಾವ. ಇವಕೂ ಒಂದ ದಿನ ಇರ್ಲಿ ಅಂತ… ಉಂಡಿ ಕೊಟ್ಟೇನ್ರಿ. ಗುಳಿಗಿ ಅಷ್ಟ ತಗದಿಟ್ಟೇನಿ. ಒಂದೂ ಕಳದಿಲ್ಲ.”

ಹಾಳೆ ನೋಡಿದೆ. “ಉಂಡೆ ತಿಂದಿತೇ?” ಸೋಮವಾರಗಳಲ್ಲೂ ಎಂಟು ಗುರುತು. ಸುಳ್ಳಲ್ಲ, ತಿಂದಿದ್ದವು. ಗುಳಿಗೆ ಇತ್ತೇ ಎಂದು ನನ್ನ ಹಾಳೆ ಕೇಳಿರಲೇ ಇಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. “ಹಂದಿಗೆಂಥಾ ಸೋಮವಾರರಿ ಕಾಕಾ? ಅದಕ್ಕ ರಜೆ ಕೊಡಾಕ ನೀವ್ಯಾರು? ನಿಮ್ಮ ಕರುಣಾದಿಂದ ಎಂಟು ಜೀವಾ ಹಾಳಾದ್ವು!” ಎಂದು ಕೂಗಿದೆ. ಇನ್ನೂ ಏನೇನೋ ಅಂದೆ. ಕಡೆಗೆ ಕಾಕಾ ಒಂದೇ ಕೇಳಿದರು:

“ಹಂಗಾದ್ರ ಮತ್ತ ಎಂಟು ತರಸ್ತೀರೇನ್ರಿ?”

ನಾನು ಕತ್ತಿ, ಕೈಗವಸು ತೆಗೆದುಕೊಂಡು ಶವಪರೀಕ್ಷೆಗೆ ಕೂತೆ.

ಎದೆ ತೆರೆದೆ. ಹೃದಯ ಕೈಗೆ ತಗೊಂಡು ಹೊರಳಿಸಿ ನೋಡಿದೆ. ನಾಳ ಮುಚ್ಚಿದ್ದರೆ ಅದರ ಕೆಳಗಿನ ಸ್ನಾಯು ಬಣ್ಣಗೆಟ್ಟಿರಬೇಕಿತ್ತು. ಎಲ್ಲೂ ಇಲ್ಲ. ಮಹಾಧಮನಿಯ ಬುಡದಿಂದ ಉಪ್ಪುನೀರು ಹಾಯಿಸಿದರೆ ಸ್ಟೆಂಟ್ ಇದ್ದ ಎರಡೂ ನಾಳದಲ್ಲಿ ಸಲೀಸಾಗಿ ಹರಿಯಿತು. ಹೆಪ್ಪು ಇರಲಿಲ್ಲ. ಮತ್ತೆ ನೋಡಿದರೆ ಸ್ನಾಯುವೇ ಬಿಳಿಚಿತ್ತು. ಯಕೃತ್ತು, ಮೂತ್ರಪಿಂಡ, ಒಸಡು, ಎಲ್ಲವೂ ಬಿಳಿಚಿದ್ದವು. ಮೈಯಲ್ಲಿ ರಕ್ತವೇ ಇಲ್ಲದ ಹಾಗೆ.

ಹೊಟ್ಟೆ ಸೀಳಿದೆ. ರಕ್ತವೆಲ್ಲ ಅಲ್ಲಿತ್ತು. ಕಪ್ಪಗೆ, ಗಡ್ಡೆಗಡ್ಡೆಯಾಗಿ. ಅನ್ನನಾಳ ಬಂದು ಜಠರಕ್ಕೆ ಕೂಡುವಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ಹುಣ್ಣು, ಅದರ ನಡುವೆ ತೆರೆದುಕೊಂಡ ನಾಳ. ಹಂದಿಗಳಿಗೆ ಹುಣ್ಣು ಬರುವುದು ಅಲ್ಲಿಯೇ. ಹಿಟ್ಟು ಅತಿ ನುಣ್ಣಗಾದರೆ ಬರುತ್ತದೆ. ಆಸ್ಪಿರಿನ್ ಅದನ್ನು ಕೆರಳಿಸುತ್ತದೆ. ರಕ್ತ ತೆಳುವಾಗಿದ್ದರೆ ಸೋರುವುದು ನಿಲ್ಲುವುದಿಲ್ಲ. ಸೋರಿದ ರಕ್ತ ಕರುಳಿಳಿದು ಹೊರಬಂದಾಗ ಮಲ ಕಪ್ಪಾಗುತ್ತದೆ. ಇದಿಷ್ಟೂ ನಾನು ಓದಿ, ಪರೀಕ್ಷೆ ಬರೆದು, ಪಾಸಾದ ಪಾಠ.

ಅಂದರೆ ಐದನೆಯದು ಸತ್ತದ್ದು ಗುಳಿಗೆ ತಪ್ಪಿದ್ದರಿಂದಲ್ಲ. ಗುಳಿಗೆಯೂ ನನ್ನ ಹಿಟ್ಟೂ ಕೂಡಿ ಕೊಂದಿದ್ದವು. ಹಿಟ್ಟು ಸರಿಯಿಲ್ಲ ಅಂದವರು ಕಾಕಾ. ಮಲ ಕಪ್ಪಾಗಿದೆ ಅಂದವರೂ ಕಾಕಾ. ಅಂದಾಗ ತಲೆ ಎತ್ತದವಳು ನಾನು. ಕೈಗವಸು ಬಿಚ್ಚುವಾಗ ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಅಷ್ಟು ಹೊತ್ತು ಕೂಗಿದ ಬಾಯಲ್ಲಿ ಏನು ಹೇಳಲಿ? ಹೋಗಿ, “ಕಾಕಾ, ನಿಮ್ಮಿಂದ ಆಗಿಲ್ರಿ. ನನ್ನಿಂದ ಆಗೇತಿ,” ಅಂದೆ. ಹೊಟ್ಟೆ ತೋರಿಸಿ ವಿವರಿಸಿದೆ.

ಅವರು ಹುಣ್ಣನ್ನು ಬಗ್ಗಿ ನೋಡಿದರು. “ಯಾರಿಂದ ಆದ್ರೇನ್ರಿ, ಅದು ಹೋತಲ್ಲ,” ಅಂದರು. ಆಮೇಲೆ, “ಎರಡನೇದೂ ನಿನ್ನಿ ಸಂಜಿಯಿಂದ ಕರ್ರಗ ಹೇತೈತ್ರಿ.”

ಓಡಿದೆ. ಎರಡನೆಯದು ಮೂಲೆಯಲ್ಲಿ ಮಲಗಿತ್ತು. ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿತ್ತು. ಇದು ಹೋದರೆ ಆರು. ಆರಾದರೆ ಮತ್ತೆಂಟು.

ಮುದ್ದೇಬಿಹಾಳದ ಸಾಹೇಬರಿಗೆ ಫೋನು ಹಚ್ಚಿದೆ. ಅವರು ಎಲ್ಲ ಕೇಳಿಸಿಕೊಂಡು ಹೇಳಿದರು: “ಆಸ್ಪಿರಿನ್ ನಿಲ್ಲಿಸಿದ್ರ ಸ್ಟೆಂಟ್ ಮುಚ್ಚಬಹುದು. ನಿಲ್ಲಿಸದಿದ್ರ ಹೊಟ್ಟಿ ಸೋರ್ತೈತಿ. ಇಲ್ಲಿ ಕೂತು ನಾ ಏನ್ ಹೇಳ್ಲಿ? ಪ್ರಾಣಿ ನಿಮ್ಮ ಕಣ್ಣ ಮುಂದ ಐತಿ. ನೀವ ಹೇಳ್ರಿ ಡಾಕ್ಟ್ರ.”

ಯೋಜನೆಯ ಕಾಗದದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾನು ನಿರ್ಧಾರ ಮಾಡಿದೆ. ಎರಡನೆಯದಕ್ಕೆ ಮಾತ್ರ ಆಸ್ಪಿರಿನ್ ಬಂದ್, ಕ್ಲೊಪಿಡೊಗ್ರೆಲ್ ಮುಂದುವರಿಕೆ. ಹೊಟ್ಟೆಯ ಆಮ್ಲ ತಗ್ಗಿಸಲು ಪ್ಯಾಂಟೊಪ್ರಜೋಲ್, ಕಿವಿಯ ನಾಳದಿಂದ. ಕಪಾಟಿನಲ್ಲಿ ಒಮೆಪ್ರಜೋಲ್ ಕೂಡ ಇತ್ತು, ಆದರೆ ಅದು ಕ್ಲೊಪಿಡೊಗ್ರೆಲ್‌ನ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ, ಮುಟ್ಟಲಿಲ್ಲ. ಉಳಿದ ಆರಕ್ಕೆ ಎರಡೂ ಗುಳಿಗೆ ಇರಲಿ, ಜೊತೆಗೆ ಪ್ಯಾಂಟೊಪ್ರಜೋಲ್ ಗುಳಿಗೆಯೂ ಸೇರಲಿ. ಮತ್ತು ಹಿಟ್ಟು ಬಂದ್. ಕಾಕಾನನ್ನು ಗಾಡಿಯಲ್ಲಿ ಕೂರಿಸಿಕೊಂಡು ಝಳಕಿಯ ಗಿರಣಿಗೆ ಹೋದೆ. ಕಲ್ಲು ಸಡಿಲ ಮಾಡಿ ನುಚ್ಚು ಒಡೆಯಲು ಹೇಳಿದೆ. ಎಷ್ಟು ದಪ್ಪ ಎಂದು ಗಿರಣಿಯವನು ಕೇಳಿದ. “ಅವರನ್ನ ಕೇಳ್ರಿ,” ಎಂದು ಕಾಕಾ ಕಡೆ ತೋರಿಸಿದೆ.

ಮರಳುವಷ್ಟರಲ್ಲಿ ಇಂಡಿಯ ಲ್ಯಾಬ್ ತಂತ್ರಜ್ಞೆ ತನ್ನ ಕೆಲಸ ಮುಗಿಸಿ ಕೂತಿದ್ದಳು. ಗುಳಿಗೆ ರಕ್ತದ ಮೇಲೆ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ಯಂತ್ರ ಹೊತ್ತು ಅವಳು ವಾರಕ್ಕೊಮ್ಮೆ ಬರುತ್ತಿದ್ದಳು. ಪ್ರತಿ ಮಂಗಳವಾರ ಬೆಳಿಗ್ಗೆ, ಆ ದಿನದ ಗುಳಿಗೆ ಹಾಕುವ ಮೊದಲು. ಅವಳಿಗೆ ಅನುಕೂಲವಾದ ವಾರ ಅದು, ಬೇರೇನೂ ಕಾರಣವಿರಲಿಲ್ಲ.

“ಎಲ್ಲಾ ಬರೋಬ್ಬರಿ ಅದಾವ್ರಿ ಮೇಡಂ,” ಅಂದಳು. “ಹೋದ ವಾರದಂಗ ಅದಾವ. ಗೆರಿ ದಾಟಿಲ್ಲ.”

ನಾನು ಚೀಟಿ ಹಿಡಿದು ನಿಂತೆ. ಮಂಗಳವಾರ ಬೆಳಿಗ್ಗೆ ಅಂದರೆ ಭಾನುವಾರದ ಗುಳಿಗೆಯಾಗಿ ಸುಮಾರು ಎರಡು ದಿನ. ಗುಳಿಗೆ ತಪ್ಪಿದ್ದರ ಪೆಟ್ಟು ಅತ್ಯಂತ ಜೋರಾಗಿ ಕಾಣಬೇಕಾದದ್ದು ಸರಿಯಾಗಿ ಆ ಹೊತ್ತಿಗೆ. ಆಗಲೂ ರಕ್ತ ಮಿತಿಯೊಳಗೇ ಇತ್ತು. ಈ ಗುಳಿಗೆ ಒಮ್ಮೆ ಹಿಡಿದ ರಕ್ತಕಣವನ್ನು ಅದು ಸಾಯುವ ತನಕ ಬಿಡುವುದಿಲ್ಲ, ಒಂದು ದಿನ ತಪ್ಪಿದರೆ ಕಸುವು ತುಸು ಇಳಿಯುತ್ತದೆಯೇ ಹೊರತು ಹೋಗುವುದಿಲ್ಲ. ಇನ್ನೊಂದು ಮಾತೂ ಇತ್ತು. ಲೇಪದ ಸ್ಟೆಂಟೂ ಬರೀ ಲೋಹದ್ದೂ ಒಂದೇ ಹೃದಯದಲ್ಲಿವೆ. ಕಾಕಾನ ಸೋಮವಾರ ಎರಡಕ್ಕೂ ಸಮನಾಗಿ ತಟ್ಟಿದೆ. ಹೋಲಿಕೆಗೆ ಬಾಧೆ ಇಲ್ಲ. ಬೆಳಿಗ್ಗೆಯಿಂದ ಮೊದಲ ಸಲ ನಾನು ಸರಿಯಾಗಿ ಉಸಿರಾಡಿದೆ.

ಸ್ಟೆಂಟ್ ಕಂಪನಿಯ ಪ್ರತಿನಿಧಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಬೆಂಗಳೂರಿನವರು, ನಯದ ಮಾತು. “ಮೇಡಂ, ಹುಣ್ಣಿನಿಂದ ಸಾವು ಅಂತ ಬರೆಯಿರಿ, ಅದು ನಿಜ. ಸೋಮವಾರದ ವಿಷಯ ಯಾಕೆ? ಹಾಳೆಯಲ್ಲಿ ಗುರುತಿದೆ, ಅದೂ ಸುಳ್ಳಲ್ಲವಲ್ಲ. ಸುಮ್ಮನೆ ಸಮಿತಿಯವರ ತಲೆಗೆ ಹುಳ ಬಿಡಬೇಡಿ.”

ಮನಸ್ಸು ಅತ್ತ ವಾಲಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರೆದರೆ ದಾಖಲೆ ನಂಬುವಂತಿಲ್ಲ ಎಂದು ರದ್ದು ಮಾಡಬಹುದು, ಮತ್ತೆಂಟು ಹಂದಿ ಬರಬಹುದು. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಗುಳಿಗೆಯ ಡಬ್ಬಿ ನನ್ನ ಮೇಜಿನ ಮೇಲಿತ್ತು. ಕಾಕಾ ಅದನ್ನು ಬಾವಿಗೆ ಸುರಿದುಬಿಡಬಹುದಿತ್ತು. ನಾನು ಕೇಳುವ ಮೊದಲೇ ತಂದು ಕೈಗಿಟ್ಟಿದ್ದರು. ಓದು ಬರಹ ಹೆಚ್ಚು ಕಲಿತ ನಾನು ಅದನ್ನು ಡ್ರಾಯರಿಗೆ ತಳ್ಳುವುದೇ? ಅದೇ ಮಧ್ಯಾಹ್ನ ಕೂತು ವರದಿ ಬರೆದೆ. ಮೂರು ಸೋಮವಾರ, ನಲವತ್ತೆಂಟು ಗುಳಿಗೆ, ನನ್ನ ಹಾಳೆಯ ತಪ್ಪು, ನನ್ನ ಹಿಟ್ಟಿನ ತಪ್ಪು, ಭಾನುವಾರ ಹೇಳಿದರೂ ನಾನು ಏಳದೆ ಕೂತದ್ದು, ಮಂಗಳವಾರದ ಅಳತೆಗಳು. ಸಮಿತಿಯ ಅಧ್ಯಕ್ಷರಿಂದ ಎರಡು ಸಾಲಿನ ಉತ್ತರ ಬಂತು. ಬದಲಾವಣೆಗಳಿಗೆ ಒಪ್ಪಿಗೆ ಇದೆ, ಪರೀಕ್ಷೆ ಮುಂದುವರಿಯಲಿ. ಮರುಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಕೊನೆಯ ಫಲಿತಾಂಶ ನೋಡಿ ತೀರ್ಮಾನಿಸುತ್ತೇವೆ.

ಎರಡನೆಯದು ಎರಡು ದಿನ ಮೇಲೇಳಲಿಲ್ಲ. ಕಾಕಾ ಅದರ ಪಕ್ಕದಲ್ಲೇ ಗೋಣಿಚೀಲ ಹಾಸಿ ಕೂತು, ನುಚ್ಚಿನ ಗಂಜಿಯನ್ನು ಅಂಗೈಯಲ್ಲಿ ಹಿಡಿದು ನೆಕ್ಕಿಸಿದರು. ಮೂರನೆಯ ದಿನ ಅದು ತಾನಾಗಿ ಎದ್ದು ಬೋಗುಣಿಗೆ ಮೂತಿ ಹಾಕಿತು. ಒಂದು ವಾರಕ್ಕೆ ಒಸಡು ಕೆಂಪಾಯಿತು. ನಾನು ಬೆಳಿಗ್ಗೆ ಬಂದವಳೇ ಏಳೂ ಹಂದಿಗಳ ಮಲವನ್ನು ಕೆದಕಿ ನೋಡಿ ಆಮೇಲೆ ಚಾ ಕುಡಿಯುವ ರೂಢಿ ಮಾಡಿಕೊಂಡೆ.

ಆ ದಿನಗಳಲ್ಲಿ ಕಾಕಾ ಸಪ್ಪೆ ಚಾ ಕುಡಿಯುತ್ತಿದ್ದುದು ಕಣ್ಣಿಗೆ ಬಿತ್ತು. ಬೆಲ್ಲದ ಡಬ್ಬಿ ಪಕ್ಕದಲ್ಲೇ ಇರುತ್ತಿತ್ತು, ಉಂಡೆಗೆ ಹಾಕುತ್ತಿದ್ದರು, ಚಾಕ್ಕೆ ಹಾಕುತ್ತಿರಲಿಲ್ಲ.

“ಏನ್ರಿ ಕಾಕಾ, ಸಕ್ಕರಿ ಬ್ಯಾನಿ ಬಂತೇನು? ರಕ್ತಾ ತಗದು ನೋಡ್ಲೇನ್ರಿ?” ಎಂದು ಚೇಷ್ಟೆ ಮಾಡಿದೆ.

“ಹಂಗ ಅನ್ಕೊಳ್ರಿ,” ಎಂದು ನಕ್ಕರು. ಆಮೇಲೆ ಎಂದಿನಂತೆ ಅದೇ ಪ್ರಶ್ನೆ: “ಕಾಗದ ಬಂತೇನ್ರಿ? ಮತ್ತ ಎಂಟು ತರಸ್ತೀರೇನು?”

ಗೊತ್ತಿಲ್ಲ ಎನ್ನುವುದು ನನ್ನ ದಿನದ ಉತ್ತರವಾಗಿತ್ತು.

ಸೋಮವಾರ ಬಂತು. ಗುಳಿಗೆ ತಪ್ಪಿಸಬೇಡಿ ಎಂದು ನಾನು ಮತ್ತೆ ಹೇಳಿರಲಿಲ್ಲ, ಆದರೂ ಕಣ್ಣಿಟ್ಟು ನಿಂತಿದ್ದೆ. ಕಾಕಾ ಉಂಡೆಯೊಳಗೆ ಗುಳಿಗೆ ಒತ್ತಿದರು, ನುಂಗಿಸಿದರು. ಪ್ರತಿಯೊಂದರ ಮುಂದೂ ಎಡಗೈಯನ್ನು ಎದೆಗೆ ಹಚ್ಚಿ, “ಸೋಮವಾರ ಐತಿ, ತಪ್ಪಾತಪಾ,” ಅಂದರು. ನಾನು ಸಿಂದಗಿ ತಾಲ್ಲೂಕಿನವಳು. ನನ್ನ ತಾಯಿಯ ತವರು ದೇವಣಗಾಂವ. ಅಲ್ಲಿ ಅಜ್ಜನೂ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಆ ದಿನ ಎತ್ತಿನ ಮೈ ತೊಳೆಯಲು ನಾನೂ ಕೊಡ ಹೊತ್ತಿದ್ದೇನೆ. ಕಾಕಾ ಹೀಗೆ ಮಾಡಿಯಾರು ಎಂದು ಊಹಿಸಬಹುದಾಗಿದ್ದವರು ಆ ಕೇಂದ್ರದಲ್ಲಿ ಯಾರಾದರೂ ಇದ್ದರೆ ಅದು ನಾನೇ.

ನಾಲ್ಕು ವಾರ ತುಂಬಿದಾಗ ಏಳೂ ನಿಂತಿದ್ದವು. ಸಾಹೇಬರು ಮತ್ತೆ ಬಂದರು. ಬಣ್ಣದ ದ್ರವ ಬಿಟ್ಟು ಪರದೆಯಲ್ಲಿ ನೋಡಿದೆವು. ‘ಎ’ ಇದ್ದ ನಾಳಗಳು ಸ್ಟೆಂಟಿನ ಒಳಗೆ ಸಪೂರವಾಗಿದ್ದವು. ‘ಬಿ’ ಇದ್ದವು ಹಾಕಿದ ದಿನದಷ್ಟೇ ಅಗಲ. ಎರಡನೆಯದರಲ್ಲೂ ಹಾಗೇ. ಲಕೋಟೆ ಒಡೆಯುವ ತನಕ ಯಾವುದು ಲೇಪದ್ದೆಂದು ಅನ್ನುವಂತಿರಲಿಲ್ಲ. ಆದರೆ ಸಾಹೇಬರು ಪರದೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಒಂದೊಂದನ್ನೂ ಅರಿವಳಿಕೆಯಲ್ಲೇ ಮಲಗಿಸಿದೆ. ಕಾಕಾ ಪ್ರತಿಯೊಂದರ ತಲೆಯ ಹತ್ತಿರ ನಿಂತು ಕಿವಿ ಹಿಡಿದುಕೊಂಡಿದ್ದರು. ಅವುಗಳಿಗೆ ಗೊತ್ತಾಗುವುದಿಲ್ಲ ಎಂದೆ. “ನನಗ ಗೊತ್ತಾಗ್ತೈತಲ್ರಿ,” ಅಂದರು. ಕೆಲಸ ಮುಗಿಸಿ, ಬೋಗುಣಿಗಳನ್ನು ತೊಳೆದಿಟ್ಟು, ಅವರು ಮನಗೂಳಿಗೆ ಹೋದರು.

ಹೃದಯಗಳು ರೋಗಶಾಸ್ತ್ರಜ್ಞರ ಹತ್ತಿರ ಹೋದವು. ರಾಳದಲ್ಲಿ ಗಟ್ಟಿ ಮಾಡಿ, ಲೋಹದ ಸಮೇತ ತೆಳುವಾಗಿ ಕೊಯ್ದು, ಬಣ್ಣ ಹಾಕಿ ಅಳೆಯುವುದು ವಾರಗಟ್ಟಲೆ ಹಿಡಿಯುವ ಕೆಲಸ. ನಾನು ಕಾದೆ. ಕಾಯುತ್ತ ಮುಂದಿನ ಪರೀಕ್ಷೆಗಳಿಗೆ ಹೊಸ ಹಾಳೆ ಮಾಡಿದೆ. ಉಂಡೆಗೆ ಒಂದು ಅಂಕಣ, ಗುಳಿಗೆಗೆ ಒಂದು, ಹೇಳಿದ್ದನ್ನು ಯಾರು ಕೇಳಿಸಿಕೊಂಡರು ಎಂಬುದಕ್ಕೆ ಇನ್ನೊಂದು. ನಿಯಮದ ಕಾಗದದಲ್ಲಿ ಒಂದು ಸಾಲು ಹೊಸದಾಗಿ ಸೇರಿಸಿದೆ: ಸೋಮವಾರ ಗುಳಿಗೆ ತಪ್ಪುವಂತಿಲ್ಲ, ಆದರೆ ತುರ್ತು ಇಲ್ಲದಿದ್ದರೆ ಆ ದಿನ ಸೂಜಿ, ಕತ್ತರಿ, ರಕ್ತ ತೆಗೆಯುವುದು ಇಲ್ಲ. ಕಾರಣದ ಜಾಗದಲ್ಲಿ “ಪ್ರಾಣಿಗಳ ವಿಶ್ರಾಂತಿ” ಎಂದು ಬರೆದೆ. ಸಮಿತಿ ತಕರಾರು ಮಾಡಲಿಲ್ಲ.

ಕಡೆಗೊಂದು ದಿನ ಸಮಿತಿಯ ಕಾಗದ ಬಂತು. ಲಕೋಟೆ ಒಡೆದಿದ್ದರು. ‘ಬಿ’ ಲೇಪದ್ದು. ಬರೀ ಲೋಹದ ಸ್ಟೆಂಟಿನ ಮೇಲೆ ಮಾಂಸ ದಪ್ಪಗೆ ಬೆಳೆದಿತ್ತು, ಲೇಪದ್ದರ ಮೇಲೆ ತೆಳುವಾಗಿ. ಲೇಪದ್ದು ಕೆಲವು ಕಡೆ ಇನ್ನೂ ಪೂರ್ತಿ ಮಾಯ್ದಿಲ್ಲ, ಹಾಗಾಗಿ ಗುಳಿಗೆಯ ಎಚ್ಚರಿಕೆ ಅಗತ್ಯ ಎಂದೂ ರೋಗಶಾಸ್ತ್ರಜ್ಞರು ಬರೆದಿದ್ದರು. ಯಾವ ನಾಳದಲ್ಲೂ ಹೆಪ್ಪಿನ ಗುರುತಿರಲಿಲ್ಲ. ಕೊನೆಯ ಪ್ಯಾರಾವನ್ನು ಎರಡು ಸಲ ಓದಿದೆ. ಗುಳಿಗೆ ತಪ್ಪಿದ್ದು ಎರಡೂ ಸ್ಟೆಂಟುಗಳಿಗೆ ಸಮಾನ, ಮಂಗಳವಾರದ ಅಳತೆಗಳು ಸಮಾಧಾನಕರ, ತಪ್ಪನ್ನು ಆ ದಿನವೇ ಪೂರ್ತಿ ತಿಳಿಸಿರುವುದರಿಂದ ಉಳಿದ ದಾಖಲೆಯನ್ನು ನಂಬಬಹುದು. ಮರುಪರೀಕ್ಷೆ ಬೇಕಾಗಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ನಾನು ಗಾಡಿ ತೆಗೆದುಕೊಂಡು ನೇರ ಮನಗೂಳಿಗೆ ಹೋದೆ. ಅಂದು ಸೋಮವಾರ, ಎತ್ತುಗಳು ಮನೆಯ ಮುಂದೆಯೇ ಇದ್ದವು. ಕಾಕಾ ಒಂದರ ಮೈ ತಿಕ್ಕುತ್ತಿದ್ದರು. ನನ್ನನ್ನು ಕಂಡು ಕೈ ನಿಂತಿತು. ಬರ್ರಿ ಎನ್ನುವುದನ್ನೂ ಮರೆತು ಮುಖ ನೋಡಿದರು.

“ತರಸಾಂಗಿಲ್ರಿ ಕಾಕಾ,” ಅಂದೆ. “ಮತ್ತ ಎಂಟು ಬೇಕಾಗಿಲ್ಲ. ಏಳು ಸಾಕಾದ್ವು.”

“ಖರೆ?”

“ಖರೇನ್ರಿ. ಕಾಗದ ತಂದೇನಿ.”

ಅವರು ಕಾಗದ ತೆಗೆದುಕೊಳ್ಳಲಿಲ್ಲ. ಎತ್ತಿನ ಭುಜದ ಇಣಿಯ ಮೇಲೆ ಒದ್ದೆ ಕೈ ಇಟ್ಟರು. ಆಮೇಲೆ ಬಾಗಿಲ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು:

“ಏ, ಅಕ್ಕಾರ ಬಂದಾರ, ಚಾ ಇಡು. ನನ್ನ ಚಾಕ್ಕೂ ಬೆಲ್ಲ ಹಾಕು ಇವತ್ತ.”

ಒಳಗಿನಿಂದ ಕಾಕೂ ಹೊರಗೆ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನನ್ನನ್ನು ನೋಡಿದರು. “ಹಂದಿ ಸತ್ತ ದಿನದಿಂದ ಬೆಲ್ಲ ಬಿಟ್ಟಾರ್ರಿ ಇವರು. ಕಾಗದ ಬರೋತನಾ ಬಾಯಾಗ ಹಾಕಾಂಗಿಲ್ಲ ಅಂತ ಕುಂತಿದ್ರು,” ಅಂದರು. “ಬಂತೇನ್ರಿ ಹಂಗಾದ್ರ?”

“ಬಂತ್ರಿ,” ಅಂದೆ. ಕಟ್ಟೆಯ ಮೇಲೆ ಕೂತು, ಚಾ ಕಡಿಮೆ ಬೆಲ್ಲ ಜಾಸ್ತಿ ಇದ್ದ ಆ ಚಾವನ್ನು ಇಬ್ಬರೂ ಕುಡಿದೆವು. ಕಾಕಾ ಎರಡನೇ ಕಪ್ಪು ಕೇಳಿದರು.